ನೆಲದ ಬಿಸಿ, ಕಡಲ ಥಂಡಿ
(ವಿಜ್ಞಾನ ದಿನದ ನಿಮಿತ್ತ ಧಾರವಾಡದಲ್ಲಿ ಮಾಡಿದ ಉಪನ್ಯಾಸ)

ಎಲ್ಲಾರಿಗೂ ಶರಣು. ನೆಲದ ಬಿಸಿ, ಕಡಲ ಥಂಡಿ ಕೂಡಿಸಿ ಕರೆಂಟ್ ಮಾಡೋದರ ಮ್ಯಾಲೆ ನನ್ನ ಮಾತು ಅಂತ ಆಮಂತ್ರಣ ಪತ್ರಿಕಾ ಕೈಗೆ ಬಂದ ದಿನಾನ ನಮ್ಮ ಓಣಿಯ ಹಿರಿಯರೊಬ್ಬರು ಕೇಳಿದ್ರು: ‘ಮಾಸ್ತರ, ಧಾರವಾಡಕ್ಕ ಕಡಲೂ ಇಲ್ಲ, ಜ್ವಾಲಾಮುಖಿನೂ ಇಲ್ಲ. ನಿಮಗ್ಯಾಕ ಬೇಕ್ರಿ ಈ ಉಸಾಬರಿ?’ ಮಾತು ಖರೇ ಅದ. ಹಂಗಂತ ಉತ್ತರಾನೂ ಧಾರವಾಡದಿಂದನ ಶುರು ಮಾಡ್ತೀನಿ.

ಭೂವಿಜ್ಞಾನ ಓದಿದವರಿಗೆ, ಅವರು ಯಾವ ದೇಶದವರ ಇರಲಿ, ನಮ್ಮೂರ ಹೆಸರು ಗೊತ್ತು. ಪೇಢೆಯಿಂದಲ್ಲ, ಕಲ್ಲಿನಿಂದ. 19ನೇ ಶತಮಾನದಾಗ ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ ಈ ಸೀಮೆಯ ಕಲ್ಲು ನೋಡಿ ಅವಕ್ಕ ‘ಧಾರವಾಡ’ ಅಂತ ಹೆಸರಿಟ್ಟ. 250 ಕೋಟಿ ವರ್ಷಕ್ಕೂ ಹಳೇ ನೆಲ ಇದು. ಮುದುಕರ ಕೈಕಾಲು ಹೆಂಗ ತಣ್ಣಗಿರ್ತಾವ, ಹಂಗ ಇದಕ್ಕೂ ಥಂಡಿ ಹಿಡದದ. ಇದ ಶಿಲಾಖಂಡದ ಪೂರ್ವಕ್ಕ ಕೋಲಾರದ ಚಿನ್ನದ ಗಣಿ. ಅಲ್ಲೆ ಮೂರು ಕಿಲೋಮೀಟರಿಗಿಂತ ಆಳಕ್ಕ ಇಳಿದಾಗ ಬಂಡೆ ಸುಮಾರು 65 ಡಿಗ್ರಿ. ಅಂದ್ರ ಕಿಲೋಮೀಟರಿಗೆ ಹನ್ನೊಂದೋ ಹನ್ನೆರಡೋ ಡಿಗ್ರಿ ಏರಿಕೆ. ಜಗತ್ತಿನ ಸರಾಸರಿ 25ರಿಂದ 30. ಹಿಂಗಾಗಿ ನಿಮ್ಮ ಹೊಲದಾಗ ಬೋರ್ ಹೊಡದು ಉಗಿ ತಗದು ಕರೆಂಟ್ ಮಾಡ್ತೀನಿ ಅಂತ ಯಾರರ ಬಂದ್ರ, ಚಹಾ ಕುಡಿಸಿ ಕಳಸ್ರಿ. ರೊಕ್ಕಾ ಮಾತ್ರ ಕೊಡಬ್ಯಾಡ್ರಿ.

ಈಗ ನನ್ನ ಮೂಲ ಮಾತು. ಬರೇ ಬಿಸಿಯಿಂದ ಕರೆಂಟ್ ಹುಟ್ಟಂಗಿಲ್ಲ. ಬಿಸಿಗೆ ಇಳಿಜಾರು ಬೇಕು. ಗದಗ ಕಡೆ ನಮ್ಮ ಹಳ್ಳ್ಯಾಗ ಸಂಕ್ರಾಂತಿ ಮುಂಜಾನೆ ಬಾವಿ ನೀರು ಸೇದಿದ್ರ ಕೊಡದಿಂದ ಹೊಗೆ ಏಳ್ತಿತ್ತು. ‘ಗಂಗವ್ವ ಕಾಸಿ ಇಟ್ಟಾಳ’ ಅಂತಿದ್ಲು ನಮ್ಮವ್ವ. ವೈಶಾಖದಾಗ ಅದ ಬಾವಿ ನೀರು ಹಲ್ಲು ಜುಂ ಅನಸ್ತಿತ್ತು. ನೀರು ಇದ್ದಂಗ ಇತ್ತು, ಸುತ್ತಲಿನ ಗಾಳಿ ಬದಲಾಗಿತ್ತು ಅಷ್ಟ. 1824ರಾಗ ಸಾದಿ ಕಾರ್ನೊ ಅನ್ನೋ ಫ್ರೆಂಚ್ ತರುಣ ಇದನ್ನ ಧಬಧಬೆಗೆ ಹೋಲಿಸಿದ. ಗೋಕಾಕದಾಗ ನೀರು ಬೀಳ್ತದ, ಅದಕ್ಕ ಚಕ್ರ ತಿರಗ್ತದ. ನಿಂತ ಕೆರಿ ಎಷ್ಟ ದೊಡ್ಡದಿದ್ರೇನು? ಶಾಖಾನೂ ಹಂಗ, ಬೀಳಬೇಕು.

ನೆಲದ ಬಿಸಿ ಮಂದಿಗೆ ಗೊತ್ತಿರೋ ಕಥಿ. ಇಟಲಿಯ ಲಾರ್ಡೆರೆಲ್ಲೊದಾಗ 1904ಕ್ಕ ನಾಕೈದು ಬಲ್ಬ್ ಹತ್ತಿದ್ವು, 1913ಕ್ಕ ವಿದ್ಯುತ್ ಕೇಂದ್ರಾನ ಆತು. ಐಸ್‌ಲ್ಯಾಂಡ್, ಕೀನ್ಯಾ ಎಲ್ಲಾ ನೀವು ಓದೀರಿ. ಮುಂದ ಹೋಗೂಣು.

ಕಡಲಿನ ಕಥಿ ಮಾತ್ರ ನಾ ಅವಸರಲೆ ಹೇಳಂಗಿಲ್ಲ. ಹುಬ್ಬಳ್ಳಿ ಅಂಗಡಿ ಸಾಲಿನ್ಯಾಗ ಮೊದಲ ಕೆಂಪಗ ಉರೀತಿದ್ದ ನಿಯಾನ್ ಬೋರ್ಡ್ ನೆನಪದನ? ಅದನ್ನ ಕಂಡುಹಿಡಿದವ ಫ್ರಾನ್ಸಿನ ಜಾರ್ಜ್ ಕ್ಲೋಡ್. ಉಷ್ಣವಲಯದ ಕಡಲು ಮ್ಯಾಲೆ 28 ಡಿಗ್ರಿ, ಒಂದು ಕಿಲೋಮೀಟರ್ ಕೆಳಗ ಐದಾರು ಡಿಗ್ರಿ. ಈ ಅಂತರದಾಗ ಎಂಜಿನ್ ಓಡಸಬಹುದು ಅಂತ ಅವನ ಗೆಳೆಯ, ವಿಜ್ಞಾನಿ ದಾರ್ಸೊನ್ವಾಲ್ 1881ರಾಗನ ಹೇಳಿದ್ದ. ಕ್ಲೋಡ್ ಗಳಿಸಿದ ರೊಕ್ಕಾ ತಗೊಂಡು ಕ್ಯೂಬಾದ ಮಟಾನ್ಸಾಸ್ ಕೊಲ್ಲಿಗೆ ಹೋದ. ಆಳದ ತಣ್ಣೀರು ಎತ್ತಾಕ ಒಂದು ಪೈಪ್ ಇಳಿಸಿದ, ಕಡಲ ಪಾಲಾತು. ಎರಡನೇದ್ದು ಇಳಿಸಿದ, ಅದೂ ಹೋತು! ನಮ್ಮವರು ಯಾರರ ಆಗಿದ್ರ ಅಷ್ಟೊತ್ತಿಗೆ ಒಂದು ಶಾಂತಿ ಮಾಡಿಸಿ ಮನಿಗೆ ಬರ್ತಿದ್ರು. ಅವ ಮೂರನೇದ್ದು ಇಳಿಸಿದ, ಎರಡು ಕಿಲೋಮೀಟರ್ ಹತ್ರ ಉದ್ದದ್ದು. 1930ರಾಗ 22 ಕಿಲೋವ್ಯಾಟ್ ಕರೆಂಟ್ ಬಂತು. ಆದ್ರ ತಣ್ಣೀರು ಎತ್ತೋ ಪಂಪಿಗೆ ಅದಕ್ಕಿಂತ ಹೆಚ್ಚು ಬೇಕಾಗಿತ್ತು! ಆದಾಯ ಎಂಟಾಣೆ, ಖರ್ಚು ರೂಪಾಯಿ. ಆಮ್ಯಾಲೆ ಬ್ರೆಜಿಲ್ ಹತ್ರ ಹಡಗಿನ ಮ್ಯಾಲೆ ಐಸ್ ಮಾಡ್ತೀನಿ ಅಂತ ಹೋದ. ಅಲ್ಲೂ ಪೈಪ್ ಕೈಕೊಟ್ತು. ಮುಂದ ನಾಜಿಗಳ ಜೋಡಿ ಕೈಗೂಡಿಸಿ ಜೈಲಿಗೂ ಹೋದ ಬಿಡ್ರಿ, ಬುದ್ಧಿವಂತರೆಲ್ಲಾ ಒಳ್ಳೇವರು ಅಂತ ಏನಿಲ್ಲ.

ನಮ್ಮ ದೇಶದ್ದೂ ಇದ ಹಾಡು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಈ ಶತಮಾನದ ಶುರುವಿನ್ಯಾಗ ತೂತ್ತುಕುಡಿ ಕಡೆ ‘ಸಾಗರ ಶಕ್ತಿ’ ಅಂತ ಒಂದು ಮೆಗಾವ್ಯಾಟಿನ ತೇಲುಘಟಕ ಕಟ್ಟಿದ್ರು. ತಣ್ಣೀರಿನ ಪೈಪ್ ಸಮುದ್ರಕ್ಕ ಹೋತು. ನಳದ ಪೈಪ್ ಒಡದ್ರ ನಮ್ಮ ಓಣ್ಯಾಗ ವಾರಗಟ್ಟಲೆ ನೀರಿಲ್ಲ. ಅಲ್ಲೆ ಪೈಪಿನುದ್ದ ಒಂದು ಕಿಲೋಮೀಟರ್, ತೆರಿ ಬಡಿಯೋದು ಹಗಲೂ ರಾತ್ರಿ. ಅವರನ್ನ ನಗಬ್ಯಾಡ್ರಿ. ಅದ ಸಂಸ್ಥೆ 2005ರಾಗ ಲಕ್ಷದ್ವೀಪದ ಕವರಟ್ಟಿಯೊಳಗ ಆಳದ ತಣ್ಣೀರು ಎತ್ತಿ ದಿನಕ್ಕ ಒಂದು ಲಕ್ಷ ಲೀಟರ್ ಕುಡಿಯೋ ನೀರು ಮಾಡಿ ತೋರಿಸ್ತು. ಮ್ಯಾಲಿನ ಬೆಚ್ಚನ್ನ ನೀರು ನಿರ್ವಾತದಾಗ ಉಗಿ ಆಗ್ತದ, ಕೆಳಗಿನ ಥಂಡಿ ಅದನ್ನ ಹನಿ ಮಾಡ್ತದ.

ಚೀಟಿ ಬಂತು, ಹತ್ತು ನಿಮಿಷ ಅಂತ. ಇರಲಿ.

ಕಡಲೊಂದನ್ನ ನಂಬಿದ್ರ ಇಳಿಜಾರು ಸಣ್ಣದು. 28ರಿಂದ 5 ಡಿಗ್ರಿಗೆ ಕಾರ್ನೊ ಲೆಕ್ಕದ ಮೇಲ್ಮಿತಿನ (ಅಂದ್ರ ಶಾಖದಾಗ ಹೆಚ್ಚಂದ್ರ ಎಷ್ಟು ಪಾಲು ಕೆಲಸಕ್ಕ ಬರ್ತದ ಅನ್ನೋದು) ನೂರಕ್ಕ ಏಳೂವರಿ, ಕೈಗೆ ಸಿಗೋದು ಮೂರರ ಆಸುಪಾಸು. ನೆಲದ ಬಿಸಿಗೆ ಬ್ಯಾರೆ ತಾಪತ್ರಯ. 150 ಡಿಗ್ರಿ ನೀರು ಸಿಕ್ಕರೂ ತಣಿಸೋ ಗಾಳಿ 30 ಡಿಗ್ರಿ ಇದ್ರ ಮೇಲ್ಮಿತಿ 28. ಬ್ಯಾಸಗಿ ಮಧ್ಯಾಹ್ನ ಉತ್ಪಾದನೆ ಬೀಳ್ತದ. ಈಗ ಆ ಬಿಸಿಗೆ ಈ ಥಂಡಿ ಕೂಡಸ್ರಿ, 150ರಿಂದ 5ಕ್ಕ. ಮೇಲ್ಮಿತಿ 34 ಆತು. ಧಬಧಬಾ ತಳಾನ ಇನ್ನಷ್ಟು ಆಳ ತೋಡಿದಂಗ.

ಇಂಥಾ ಜಾಗಾ ಬೇಕಂದ್ರ ಕಾವು ಮತ್ತ ಆಳದ ಕಡಲು ಒಂದಕ್ಕೊಂದು ಮಗ್ಗಲಾಗಿರಬೇಕು. ಅಂಡಮಾನ್ ನೋಡ್ರಿ. ಪೋರ್ಟ್ ಬ್ಲೇರ್‌ದಿಂದ (ಈಗಿನ ಹೆಸರು ಶ್ರೀ ವಿಜಯಪುರಂ) ಸುಮಾರು 140 ಕಿಲೋಮೀಟರ್ ದೂರದಾಗ ಬ್ಯಾರನ್ ದ್ವೀಪ, ದೇಶದ ಏಕೈಕ ಜೀವಂತ ಜ್ವಾಲಾಮುಖಿ. ಸುತ್ತ ಆಳದ ಕಡಲು. ಆ ದ್ವೀಪಗಳಿಗೆ ಬಹುಪಾಲು ಕರೆಂಟ್ ಹಡಗಿನ್ಯಾಗ ತಂದ ಡೀಸೆಲ್‌ದಿಂದ! ಜ್ವಾಲಾಮುಖಿ ಕೊರಳಿಗೇ ಪೈಪ್ ಹಾಕ್ರಿ ಅನ್ನಂಗಿಲ್ಲ ನಾ. ಹುಡುಕರಿ, ಅಳೀರಿ, ಸಣ್ಣದೊಂದು ಕಟ್ರಿ. ಕಪ್ಪತಗುಡ್ಡದ ಫ್ಯಾನಿಗೆ ಗಾಳಿ ಬೀಸಬೇಕು, ಸೋಲಾರ್‌ಗೆ ಬಿಸಿಲು ಬೇಕು. ಇದು ರಾತ್ರಿ ಮೂರಕ್ಕೂ ನಡೀತದ.

ಅಮೋನಿಯಾ ಕುದಿಸಿ ಎಂಜಿನ್ ಓಡಸೋ ರೀತಿ, ಬಿಸಿನೀರಿನ ಉಪ್ಪು ಪೈಪಿನ್ಯಾಗ ಗಟ್ಟಿಗಟ್ಟೋದು, ಆಳದ ನೀರು ಮ್ಯಾಲೆ ಬಿಟ್ರ ಮೀನಕ್ಕೇನಾಗ್ತದ, ಇವೆಲ್ಲಾ ಬರಕೊಂಡು ಬಂದಿದ್ದೆ. ಎರಡನೇ ಚೀಟಿ ಬಂತು ನೋಡ್ರಿ. ಹಿಂದಿನ ಸಾಲಿನ ಆ ತಂಗಿ ಕೈ ಎತ್ತಿ ಭಾಳ ಹೊತ್ತಾತು. ಕೇಳವ್ವ, ಪೈಪಿಂದನ ಏನು?