ಎರಡು ನಿಮಿಷಕ್ಕೊಂದು ಫೋಟೋ

ನಮಸ್ಕಾರ. ತೋಟಕ್ಕೆ ಹೊರಟವರು, ದೋಸೆ ಹುಯ್ಯುತ್ತಿರುವವರು ಎಲ್ಲಾ ಕೇಳುತ್ತಿದ್ದೀರಿ, ಹಾಗಾಗಿ ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುತ್ತೀರಿ, ಬೆಳಿಗ್ಗೆ ಮೊಸರು. ನಡುವೆ ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿದ್ದನ್ನು ನೀವು ನೋಡಿಲ್ಲ ಅಲ್ವಾ? ಅದನ್ನು ನೋಡುವುದೇ ನಮ್ಮ ಕೆಲಸ.

ನಾವು ಬೆಳೆಸುವುದು ಇ. ಕೋಲಿ ಅನ್ನುವ ಬೇರೊಂದು ಬ್ಯಾಕ್ಟೀರಿಯಾ. ಉದ್ದ ಸುಮಾರು 2 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ 500 ಸಾಲಾಗಿ ನಿಲ್ಲುತ್ತವೆ. ಹಾಲುಬಾಯಿಯ ಹಾಗೆ ಮೆತ್ತಗಿರುವ ಅಗರ್ ತುಂಡಿನ ಮೇಲೆ ಬಿಟ್ಟು, 37 ಡಿಗ್ರಿಯಲ್ಲಿಟ್ಟು, ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆಯುತ್ತಾ ಹೋಗುತ್ತೇವೆ. ಸಾಫ್ಟ್‌ವೇರ್ ಒಂದೊಂದರ ಅಂಚು ಗುರುತಿಸಿ, ಹಿಂದಿನ ಫೋಟೋದಲ್ಲಿದ್ದದ್ದು ಈಗ ಯಾವುದು ಅಂತ ಜೋಡಿಸುತ್ತದೆ. ಒಂದೇ ಮಾತು ನೆನಪಿಡಿ: ಫೋಟೋ ಬೇಗ ಬೇಗ ತೆಗೆಯಬೇಕು.

ಒಂದು ಆಷಾಢದ ರಾತ್ರಿ, ಹೊರಗೆ ಜಡಿಮಳೆ, ಡಿಸ್ಕ್‌ನಲ್ಲಿ ಜಾಗ ಉಳಿಯಲಿ ಅಂತ 10 ನಿಮಿಷಕ್ಕೊಂದು ಫೋಟೋ ಬರುವಂತೆ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಒಂದು ಬ್ಯಾಕ್ಟೀರಿಯಾದ ಉದ್ದ ಇದ್ದಕ್ಕಿದ್ದಂತೆ ಅರ್ಧ ಆಗಿದೆ. ಪಕ್ಕದಲ್ಲಿ ಇನ್ನೊಂದು, ಅದಕ್ಕೆ ತಾಯಿಯೇ ಇಲ್ಲ! ಇಡೀ ದಿನ ಕೂತು ಫೋಟೋಗಳನ್ನು ಹಿಂದೆ ಮುಂದೆ ಮಾಡಿ ನೋಡಿದೆ. ಅದು ಸೀಳಿ ಎರಡಾಗಿತ್ತು, ಅಷ್ಟೇ. ಒಳ್ಳೆ ಆಹಾರ ಸಿಕ್ಕರೆ 20 ನಿಮಿಷಕ್ಕೆ ಎರಡಾಗುವ ಜೀವ, 10 ನಿಮಿಷ ನಾವು ಕಣ್ಣು ಮುಚ್ಚಿದರೆ ಅದರ ಅರ್ಧ ಆಯಸ್ಸೇ ಹೋಯಿತು. ಅಷ್ಟರಲ್ಲಿ ಮರಿಗಳು ಒಂದನ್ನೊಂದು ತಳ್ಳಿ ಜಾಗ ಬದಲಿಸಿದ್ದವು, ಸಾಫ್ಟ್‌ವೇರ್ ಒಂದು ಮಗಳನ್ನು ತಾಯಿ ಅಂತ ಬರೆದುಕೊಂಡು ಇನ್ನೊಂದನ್ನು ತಬ್ಬಲಿ ಮಾಡಿತ್ತು. ಸಂಜೆ ದಣಪೆ ಹತ್ತಿರ ನಿಂತು ನೋಡಿದರೆ ಯಾವ ಕರು ಯಾವ ಹಸುವಿನ ಹಿಂದೆ ಬಂತು ಗೊತ್ತಾಗುತ್ತದೆ. ಎಲ್ಲಾ ಕೊಟ್ಟಿಗೆ ಸೇರಿ ಕತ್ತಲಾದ ಮೇಲೆ ಹೋದರೆ ಹೇಗೆ ಗೊತ್ತಾಗಬೇಕು? ಮರುದಿನ 2 ನಿಮಿಷಕ್ಕೊಂದು ತೆಗೆದೆ, ಅದೇ ಸಾಫ್ಟ್‌ವೇರ್ ಅಜ್ಜಿಯಿಂದ ಮರಿಮಕ್ಕಳವರೆಗೆ ಸರಿಯಾಗಿ ಜೋಡಿಸಿತು.

ಸುಮ್ನೆ ಎಣಿಸಿದರೆ ಸಾಲದಾ ಅಂತ ಪದೇ ಪದೇ ಕೇಳುತ್ತಾರೆ. ಸಾಲದು. ಆಂಟಿಬಯಾಟಿಕ್ ಹಾಕಿದಾಗ ಕೆಲವು ಬ್ಯಾಕ್ಟೀರಿಯಾ ಸಾಯದೆ ಬಿದ್ದಿದ್ದು, ಔಷಧಿ ನಿಂತ ಮೇಲೆ ಎದ್ದು ಮತ್ತೆ ಹೆಚ್ಚುತ್ತವೆ. 2004ರಲ್ಲಿ ವಿಜ್ಞಾನಿಗಳು ಒಂದೊಂದನ್ನೇ ಹಿಂಬಾಲಿಸಿ ನೋಡಿದಾಗ, ಸಾಯದೆ ಉಳಿದವು ಔಷಧಿ ಬೀಳುವ ಮೊದಲೇ ನಿಧಾನವಾಗಿ ಬೆಳೆಯುತ್ತಿದ್ದವು ಅಂತ ಗೊತ್ತಾಯಿತು. ಬರೀ ಎಣಿಸಿದ್ದರೆ ಇದು ಕಾಣುತ್ತಿತ್ತಾ?

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಶಿವಮೊಗ್ಗ, ತೀರ್ಥಹಳ್ಳಿಯ ಕಾಲೇಜು ಮಕ್ಕಳೇ, ಇಂಥ ಕೆಲಸಕ್ಕೆ ಫಿಜಿ, ಡೆಲ್ಟಾ ಅಂತ ಸಾಫ್ಟ್‌ವೇರ್‌ಗಳಿವೆ, ದುಡ್ಡು ಕೊಡಬೇಕಾಗಿಲ್ಲ, ಹಾಕಿಕೊಂಡು ನೋಡಿ. ಫೋಟೋ ಮಾತ್ರ 2 ನಿಮಿಷಕ್ಕೊಂದು ತೆಗೆಯಿರಿ.