‘ಅವನು’ ಹೋಗಿ ‘ಅವರು’ ಆಗುವ ಹೊತ್ತು

ಕೇಳುಗರಿಗೆ ನಮಸ್ಕಾರ.

2024ರ ಜುಲೈ 29. ಇಂಗ್ಲೆಂಡಿನ ಸೌತ್‌ಪೋರ್ಟ್ ಎಂಬ ಕಡಲ ತೀರದ ಪಟ್ಟಣ. ಮಕ್ಕಳ ನೃತ್ಯ ತರಗತಿಗೆ ಚಾಕು ಹಿಡಿದು ನುಗ್ಗಿದವನೊಬ್ಬ ಮೂವರು ಪುಟ್ಟ ಹುಡುಗಿಯರನ್ನು ಕೊಂದ. ಪೊಲೀಸರು ಅವನನ್ನು ಸ್ಥಳದಲ್ಲೇ ಹಿಡಿದರು. ಅವನ ವಯಸ್ಸು 17. ಹದಿನೆಂಟು ತುಂಬದ ಕಾರಣ ಹೆಸರನ್ನು ಹೊರಗೆ ಬಿಡಲಿಲ್ಲ. ಆ ಖಾಲಿ ಜಾಗಕ್ಕೆ ಸಂಜೆಯೊಳಗೆ ಒಂದು ಸುಳ್ಳು ಹೆಸರು ಬಂದು ಕೂತಿತು. ಹೆಸರಿನ ಜೊತೆಗೊಂದು ಕಥೆಯೂ ಬಂತು: ದೋಣಿಯಲ್ಲಿ ಬಂದವನಂತೆ, ಆಶ್ರಯ ಕೇಳಿ ಬಂದವನಂತೆ, ಇಂಥ ಧರ್ಮದವನಂತೆ. ಆರೋಪಿ ಹುಟ್ಟಿದ್ದು ಪಕ್ಕದ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಎಂದು ಪೊಲೀಸರು ಹೇಳಿದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಮರುದಿನ ಸಂಜೆ ಗುಂಪೊಂದು ಅಲ್ಲಿನ ಮಸೀದಿಯ ಮೇಲೆ ಇಟ್ಟಿಗೆ ತೂರಿತು, ಪೊಲೀಸ್ ವಾಹನಕ್ಕೆ ಬೆಂಕಿ ಇಟ್ಟಿತು. ನ್ಯಾಯಾಲಯ ಅವನ ನಿಜವಾದ ಹೆಸರನ್ನು ಹೇಳಲು ಅನುಮತಿ ಕೊಟ್ಟದ್ದು ಆಗಸ್ಟ್ 1ರಂದು. ಅಷ್ಟರಲ್ಲಿ ಗಲಭೆ ಬೇರೆ ಊರುಗಳಿಗೂ ಹಬ್ಬತೊಡಗಿತ್ತು.

ಅಪರಾಧ ನಡೆದ ಹೊತ್ತಿಗೂ ಮೊದಲ ಇಟ್ಟಿಗೆ ಹಾರಿದ ಹೊತ್ತಿಗೂ ನಡುವೆ ಇದ್ದದ್ದು 30 ಗಂಟೆಗೆ ತುಸು ಹೆಚ್ಚು ಕಾಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಗಂಟೆಗಳ ಬಗ್ಗೆ. ನೆರೆಹೊರೆಯಲ್ಲಿ ನಡೆಯುವ ಅಪರಾಧದ ಮೇಲೆ, ಭದ್ರತೆಗೆ ಬರುವ ಕುತ್ತಿನ ಮೇಲೆ ಕಣ್ಣಿಡಬೇಕು ಅನ್ನುತ್ತಾರೆ. ಸರಿ. ಆದರೆ ಕಣ್ಣಿಡುವುದು ಯಾವುದರ ಮೇಲೆ?

ಕನ್ನಡದಲ್ಲಿ ಇದನ್ನು ಹೇಳುವುದು ಸುಲಭ. ಕಳ್ಳತನ ಮಾಡಿದವನು ‘ಅವನು’. ಹೊಡೆದವನು ‘ಅವನು’. ಬೆಳಿಗ್ಗೆ ಎಲ್ಲರ ಬಾಯಲ್ಲೂ ‘ಅವನು ಹೀಗೆ ಮಾಡಿದನಂತೆ’ ಎಂದೇ ಇರುತ್ತದೆ. ಸಂಜೆಗೆ ಅದು ‘ಅವರು ಯಾವಾಗಲೂ ಹೀಗೇ’ ಎಂದಾಗಿರುತ್ತದೆ. ಹಿರಿಯರನ್ನು ಗೌರವದಿಂದ ಕರೆಯಲು ಬಳಸುವ ಅದೇ ‘ಅವರು’ ಇಲ್ಲಿ ಒಂದಿಡೀ ಜನಸಮೂಹವನ್ನು ಕಟಕಟೆಗೆ ಎಳೆಯುವ ಮಾತಾಗುತ್ತದೆ. ಅಪರಾಧ ಜನಗಳ ನಡುವಿನ ಜಗಳವಾಗುವುದು ಈ ತಿರುವಿನಲ್ಲಿ. ಅಪರಾಧವನ್ನು ಪೊಲೀಸರು ನೋಡಿಕೊಳ್ಳುತ್ತಾರೆ, ಅದು ಅವರ ಕೆಲಸ. ಈ ತಿರುವನ್ನು ಮೊದಲು ಕೇಳಿಸಿಕೊಳ್ಳುವವರು ಮಾತ್ರ ಪಕ್ಕದ ಮನೆಯವರು, ಒಂದೇ ಬಸ್ಸಿಗೆ ಕಾಯುವವರು, ಶಾಲೆಯ ಗೇಟಿನ ಮುಂದೆ ನಿಂತವರು.

1967ರ ಬೇಸಿಗೆಯಲ್ಲಿ ಅಮೆರಿಕದ ನಗರಗಳು ಜನಾಂಗೀಯ ಗಲಭೆಯಲ್ಲಿ ಒಂದರ ಹಿಂದೊಂದು ಹೊತ್ತಿಕೊಂಡಾಗ ಅಲ್ಲಿನ ಅಧ್ಯಕ್ಷರು ಇಲಿನಾಯ್ ರಾಜ್ಯದ ಗವರ್ನರ್ ಒಟ್ಟೊ ಕರ್ನರ್ ಅವರ ನೇತೃತ್ವದಲ್ಲಿ ಆಯೋಗವೊಂದನ್ನು ನೇಮಿಸಿದರು. 1968ರ ಅದರ ವರದಿಯಲ್ಲಿ ಒಂದು ಲೆಕ್ಕ ಇದೆ: ಆಯೋಗ ಪರಿಶೀಲಿಸಿದ ಗಲಭೆಗಳಲ್ಲಿ ಶೇಕಡಾ 65ಕ್ಕೂ ಹೆಚ್ಚಿನವುಗಳಲ್ಲಿ ಗಾಳಿಸುದ್ದಿ ಉರಿಯುವ ಬೆಂಕಿಗೆ ತುಪ್ಪ ಸುರಿದಿತ್ತು. ಆಗ ಮೊಬೈಲು ಇರಲಿಲ್ಲ ಎಂಬುದನ್ನು ನೆನಪಿಡಿ. ಎಲ್ಲಕ್ಕೂ ಮೊಬೈಲನ್ನೇ ದೂರುವುದು ಈಗ ನಮಗೆ ರೂಢಿಯಾಗಿದೆ. ಬೆಂಕಿಯಿಲ್ಲದೆ ಹೊಗೆಯಾಡೀತೇ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಈ ಒಂದು ವಿಷಯದಲ್ಲಿ ಆ ಗಾದೆ ಕೈಕೊಡುತ್ತದೆ. ಇಲ್ಲಿ ಹೊಗೆ ಮೊದಲು ಬರುತ್ತದೆ, ಬೆಂಕಿ ಆಮೇಲೆ ಹತ್ತುತ್ತದೆ.

ನಮ್ಮಲ್ಲೇ ಇರುವ ಇನ್ನೊಂದು ಗಾದೆ ಇದಕ್ಕಿಂತ ಉಪಯೋಗದ್ದು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಕೀನ್ಯಾ ದೇಶದಲ್ಲಿ ಟಾನಾ ನದಿ ಸಮುದ್ರ ಸೇರುವಲ್ಲಿ ಹೆಚ್ಚುಕಡಿಮೆ ಈ ಗಾದೆಯನ್ನೇ ಯೋಜನೆ ಮಾಡಿಕೊಂಡವರಿದ್ದಾರೆ. ಅಲ್ಲಿ ಬೇಸಾಯ ಮಾಡುವ ಪೊಕೊಮೊ ಜನ, ದನ ಮೇಯಿಸುವ ಓರ್ಮಾ ಜನ. ನೀರಿಗೆ, ಹುಲ್ಲಿಗೆ ಹಳೆಯ ತಕರಾರು. 2012ರ ಆಗಸ್ಟ್‌ನಿಂದ 2013ರ ಆರಂಭದವರೆಗೆ ನಡೆದ ದಾಳಿ, ಪ್ರತಿದಾಳಿಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ‘ಆ ಕಡೆಯವರು ಇವತ್ತು ರಾತ್ರಿ ಬರುತ್ತಾರಂತೆ’ ಎಂಬ ಮಾತು ಸಾಕು, ಈ ಕಡೆಯವರು ತಾವೇ ಮೊದಲು ಹೊರಡುವುದಕ್ಕೆ. ಅದಾದ ಮೇಲೆ ಅಲ್ಲಿ ಆರಂಭವಾದ ಸೇವೆಯ ಹೆಸರು ‘ಉನಾ ಹಕೀಕಾ’. ಸ್ವಾಹಿಲಿಯಲ್ಲಿ ಅದರ ಅರ್ಥ ‘ನಿನಗೆ ಖಾತ್ರಿಯಾ?’

ಅದು ನಡೆಯುವ ರೀತಿಯಲ್ಲಿ ಮಾಯಮಂತ್ರ ಏನೂ ಇಲ್ಲ. ಯಾರಾದರೂ ಏನನ್ನಾದರೂ ಕೇಳಿದರೆ ಒಂದು ನಂಬರಿಗೆ ಸಂದೇಶ ಕಳಿಸುತ್ತಾರೆ. ಸಾದಾ ಫೋನು ಸಾಕು. ಕೂತು ಕೆಲಸ ಮಾಡುವ ತಂಡ ಆ ಊರಿನ ಸ್ವಯಂಸೇವಕರಿಗೆ, ಹಿರಿಯರಿಗೆ, ಪೊಲೀಸರಿಗೆ ಫೋನು ಮಾಡಿ ವಿಚಾರಿಸುತ್ತದೆ. ಆಮೇಲೆ ಬರುವುದು ಮುಖ್ಯ ಭಾಗ: ವಿಚಾರಿಸಿ ತಿಳಿದದ್ದನ್ನು ಕೇಳಿದವರಿಗೂ ಸುತ್ತಲಿನವರಿಗೂ ತಿರುಗಿ ಹೇಳುತ್ತಾರೆ. ಸುಳ್ಳಾದರೆ ಸುಳ್ಳು ಎಂದು, ನಿಜವಾದರೆ ನಿಜ ಎಂದು. ನಿಜವನ್ನು ನಿಜ ಎಂದು ಹೇಳದೆ, ಬರೀ ‘ಎಲ್ಲ ಶಾಂತವಾಗಿದೆ, ಗಾಬರಿ ಬೇಡ’ ಎನ್ನುತ್ತ ಹೋದರೆ ಮೂರನೆಯ ಸಲ ಯಾರೂ ನಂಬುವುದಿಲ್ಲ. ಬಹಳಷ್ಟು ಅಧಿಕಾರಿಗಳು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಜನರನ್ನು ಸಮಾಧಾನ ಮಾಡುವ ಅವಸರದಲ್ಲಿ ಜನರಿಗೆ ಗೊತ್ತಿರುವುದನ್ನೇ ಅಲ್ಲಗಳೆಯುತ್ತಾರೆ.

ಇಂಥ ಕೆಲಸವನ್ನು ಒಂದು ಬಡಾವಣೆಯ ಮಟ್ಟದಲ್ಲಿ ಮಾಡುವುದಾದರೆ ಬೇಕಾದದ್ದು ಒಂದು ನೋಟುಪುಸ್ತಕ, ಇಬ್ಬರು ನಿಯತ್ತಿನ ಮನುಷ್ಯರು. ತಾರೀಖು, ಹೊತ್ತು, ಜಾಗ, ಏನಾಯಿತು. ಇಷ್ಟನ್ನು ಯಾರಾದರೂ ಬರೆಯುತ್ತಾರೆ. ಹೆಚ್ಚಿನವರು ಬಿಟ್ಟುಬಿಡುವ ಕಾಲಮ್ಮು ಒಂದಿದೆ: ‘ಕಂಡದ್ದೋ, ಕೇಳಿದ್ದೋ?’ ಕೇಳಿದ್ದಾದರೆ ಯಾರಿಂದ, ಅವರು ಯಾರಿಂದ ಕೇಳಿದ್ದರು? ನಾಲ್ಕು ಜನ ಒಂದೇ ಸುದ್ದಿ ತಂದರೆ ನಾಲ್ಕು ಸಾಕ್ಷಿ ಸಿಕ್ಕಿತು ಅಂದುಕೊಳ್ಳುತ್ತೇವೆ. ಹಿಂದೆ ಹಿಂದೆ ಹೋದರೆ ನಾಲ್ವರೂ ಒಬ್ಬನೇ ಕಳಿಸಿದ ಒಂದೇ ವಿಡಿಯೊ ನೋಡಿದವರಾಗಿರುತ್ತಾರೆ. ಆ ವಿಡಿಯೊ ಮೂರು ವರ್ಷ ಹಳೆಯದು, ಬೇರೆಯೇ ದೇಶದ್ದು. ಅಂಗಡಿ ಬೋರ್ಡಿನ ಲಿಪಿ ಯಾವುದು, ಗಾಡಿಯ ನಂಬರ್ ಪ್ಲೇಟು ಹೇಗಿದೆ, ಮಳೆಗಾಲದಲ್ಲಿ ಬಂದ ವಿಡಿಯೊದಲ್ಲಿ ರಸ್ತೆ ಒಣಗಿದೆಯೇ, ಇಷ್ಟನ್ನು ನೋಡಿದರೇ ಎಷ್ಟೋ ಗುಟ್ಟು ಬಯಲಾಗುತ್ತದೆ.

ಇನ್ನೊಂದು ಮಾತು. ಆ ಪುಸ್ತಕದಲ್ಲಿ ಜಾತಿ, ಧರ್ಮ, ಭಾಷೆಗೆ ಕಾಲಮ್ಮು ಇರಬಾರದು. ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಜೊನಾಥನ್ ಶೆಫರ್ಡ್ ಎಂಬ ಶಸ್ತ್ರಚಿಕಿತ್ಸಕರು ಇದನ್ನು ಬಹಳ ಚೆನ್ನಾಗಿ ತೋರಿಸಿದ್ದಾರೆ. ದವಡೆ ಮುರಿದುಕೊಂಡು, ಮುಖ ಸೀಳಿಕೊಂಡು ತಮ್ಮ ಬಳಿ ಬರುವವರಲ್ಲಿ ಬಹಳ ಜನರ ವಿಷಯ ಪೊಲೀಸರ ಲೆಕ್ಕದಲ್ಲೇ ಇಲ್ಲ ಎಂಬುದು ಅವರಿಗೆ ಗೊತ್ತಾಯಿತು. ಪೆಟ್ಟು ತಿಂದವರು ಆಸ್ಪತ್ರೆಗೆ ಹೋಗುತ್ತಾರೆ, ಠಾಣೆಗೆ ಹೋಗುವುದಿಲ್ಲ. ಆಗ ತುರ್ತು ಚಿಕಿತ್ಸೆಯ ಕೌಂಟರಿನಲ್ಲಿ ಮೂರು ವಿಷಯ ಕೇಳಿ ಬರೆದುಕೊಳ್ಳುವ ಏರ್ಪಾಡಾಯಿತು: ಎಲ್ಲಿ, ಯಾವಾಗ, ಯಾವುದರಿಂದ ಹೊಡೆದರು. ಹೆಸರು ಅಳಿಸಿ ಅದನ್ನು ಪೊಲೀಸರಿಗೂ ನಗರಸಭೆಗೂ ಕೊಟ್ಟರು. ಯಾವ ಬೀದಿಯಲ್ಲಿ ಯಾವ ಹೊತ್ತಿಗೆ ಗಸ್ತು ಬೇಕು, ಯಾವ ಮದ್ಯದಂಗಡಿಯಲ್ಲಿ ಗಾಜಿನ ಲೋಟ ತೆಗೆದು ಪ್ಲಾಸ್ಟಿಕ್ಕಿನದು ಇಡಬೇಕು ಎಂದು ಅದರಿಂದಲೇ ತಿಳಿಯುತ್ತಿತ್ತು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಅಂಥದ್ದೇ ಬೇರೆ ನಗರಗಳಿಗೆ ಹೋಲಿಸಿದರೆ ಕಾರ್ಡಿಫ್‌ನಲ್ಲಿ ಹಲ್ಲೆಯ ಗಾಯದಿಂದ ಆಸ್ಪತ್ರೆ ಸೇರುವವರ ಪ್ರಮಾಣ ಶೇಕಡಾ 42ರಷ್ಟು ಕಡಿಮೆಯಾಗಿತ್ತು. ಯಾರು ಎಂದು ಕೇಳದೆಯೇ ಇಷ್ಟಾಯಿತು.

ಯಾರು ಎಂದು ಹಿಡಿದು ಹೊರಟ ಕಡೆ ಏನಾಯಿತು? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 2010ರಲ್ಲಿ, ಮುಸ್ಲಿಮರು ಹೆಚ್ಚಾಗಿರುವ ಎರಡು ಪ್ರದೇಶಗಳ ಸುತ್ತ ಇನ್ನೂರಕ್ಕೂ ಹೆಚ್ಚು ಕ್ಯಾಮೆರಾಗಳು ಎದ್ದವು. ಕೆಲವು ಕಾಣುವಂತೆ, ಕೆಲವು ಅಡಗಿಸಿಟ್ಟವು. ಬೀದಿಯ ಅಪರಾಧ ತಡೆಯಲು ಎಂದು ಜನ ತಿಳಿದಿದ್ದರು. ಹಣ ಬಂದದ್ದು ಭಯೋತ್ಪಾದನೆ ನಿಗ್ರಹದ ಖಾತೆಯಿಂದ ಎಂದು ಹೊರಬಿದ್ದಾಗ ಅಲ್ಲಿನ ಜನ ಸಿಡಿದೆದ್ದರು. ಪೊಲೀಸರು ಕ್ಷಮೆ ಕೇಳಬೇಕಾಯಿತು, 2011ರಲ್ಲಿ ಕ್ಯಾಮೆರಾಗಳನ್ನು ಬಿಚ್ಚಿ ಒಯ್ದರು. ಕಂಬ ಕಿತ್ತು ಒಯ್ಯುವುದು ಸುಲಭ. ‘ಇವರು ನಮ್ಮನ್ನು ಕಾಯುತ್ತಿಲ್ಲ, ನಮ್ಮ ಮೇಲೆ ಕಾವಲಿದ್ದಾರೆ’ ಎಂಬ ಭಾವನೆ ಒಮ್ಮೆ ಊರಿದರೆ ಅಲ್ಲಿಂದ ಯಾವ ಸುಳಿವೂ ಠಾಣೆಗೆ ಬರುವುದಿಲ್ಲ.

ಕಾಯುವವನೇ ಕುತ್ತಾಗುವುದೂ ಉಂಟು. ಅಮೆರಿಕದ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ 2012ರ ಫೆಬ್ರವರಿ 26ರ ರಾತ್ರಿ, ನೆರೆಹೊರೆಯ ಕಾವಲು ತಂಡದವನೊಬ್ಬ ದಾರಿಯಲ್ಲಿ ಹೋಗುತ್ತಿದ್ದ ಹುಡುಗನ ಮೇಲೆ ಅನುಮಾನಪಟ್ಟು ಪೊಲೀಸರಿಗೆ ಫೋನು ಮಾಡಿದ. ಹಿಂಬಾಲಿಸುತ್ತಿದ್ದೀಯಾ ಎಂದು ಆ ಕಡೆಯಿಂದ ಕೇಳಿದರು, ಹೌದೆಂದ. ಅದರ ಅಗತ್ಯವಿಲ್ಲ ಎಂದರು. ಅದರ ಬೆನ್ನಿಗೇ ನಡೆದ ಹೊಡೆದಾಟದಲ್ಲಿ ಅವನು ಹಾರಿಸಿದ ಗುಂಡಿಗೆ 17 ವರ್ಷದ ಟ್ರೇವಾನ್ ಮಾರ್ಟಿನ್ ಸತ್ತ. ಹುಡುಗನ ಕೈಯಲ್ಲಿ ಆಯುಧ ಇರಲಿಲ್ಲ. ಆತ್ಮರಕ್ಷಣೆಯ ವಾದ ಹೂಡಿದ ಆ ಮನುಷ್ಯನನ್ನು ಮರುವರ್ಷ ನ್ಯಾಯಾಲಯ ಬಿಡುಗಡೆ ಮಾಡಿತು. ಆ ಒಂದು ರಾತ್ರಿ ಇಡೀ ದೇಶವನ್ನೇ ಇಬ್ಭಾಗ ಮಾಡಿತು. ಆದ್ದರಿಂದ ಕಣ್ಣಿಡುವವರಿಗೆ ನಾನು ಹೇಳುವುದು ಇಷ್ಟೇ: ಕಂಡದ್ದನ್ನು ಬರೆದುಕೊಳ್ಳಿ, ಫೋನು ಮಾಡಿ, ನಿಂತಲ್ಲೇ ನಿಲ್ಲಿ. ಬೆನ್ನಟ್ಟಬೇಡಿ. ಕೈಯಲ್ಲಿ ಕೋಲೂ ಬೇಡ.

ಫೋನು ಅಂದೆ. ಪೊಲೀಸರಿಗೆ ಮಾಡುವ ಫೋನು ಒಂದು. ಗಲಭೆ ತಡೆಯುವ ಫೋನು ಇನ್ನೊಂದಿದೆ, ಅದು ಗೋಡೆಯಾಚೆಗೆ ಮಾಡುವಂಥದ್ದು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಕೇರಿಗಳ ನಡುವೆ ನಿಜವಾದ ಗೋಡೆಗಳೇ ಇವೆ, ಎತ್ತರದ ಕಬ್ಬಿಣದ ತಗಡು, ಮೇಲೆ ಬಲೆ. ಅವಕ್ಕೆ ಶಾಂತಿಗೋಡೆ ಎಂದು ಹೆಸರು. ಹೆಸರು ಇಟ್ಟವರಿಗೆ ತಮಾಷೆ ಗೊತ್ತಿತ್ತೋ ಇಲ್ಲವೋ. 1990ರ ದಶಕದ ಕೊನೆಯ ವರ್ಷಗಳಲ್ಲಿ ನಗರದ ಉತ್ತರ ಭಾಗದಲ್ಲಿ ಎರಡೂ ಕಡೆಯ ಕಾರ್ಯಕರ್ತರ ಕೈಗೆ ಮೊಬೈಲು ಕೊಟ್ಟರು. ಬೇಸಿಗೆಯ ಸಂಜೆ ಹದಿಹರೆಯದ ಹುಡುಗರು ಗೋಡೆಯ ಬಳಿ ಸೇರುತ್ತಾರೆ, ಯಾರೋ ಒಂದು ಕಲ್ಲು ಒಗೆಯುತ್ತಾನೆ. ಈ ಕಡೆಯವರು ಆ ಕಡೆಯವರಿಗೆ ಫೋನು ಮಾಡಿ ‘ಕಲ್ಲು ಬಂತು, ನಿಮ್ಮ ಹುಡುಗರೇನಾ?’ ಎಂದು ಕೇಳುತ್ತಾರೆ. ಆ ಕಡೆಯವರು ಹೊರಗೆ ಹೋಗಿ ನೋಡಿ, ಹುಡುಗರನ್ನು ಬೈದು ಮನೆಗೆ ಅಟ್ಟುತ್ತಾರೆ. ತಮ್ಮ ಕಡೆಯ ಹುಡುಗರನ್ನು ತಮ್ಮವರೇ ಗದರಿಸಬೇಕು, ಅದೇ ಅದರ ಗುಟ್ಟು. ಆ ಕಡೆಯವರು ಬಂದು ಗದರಿಸಿದರೆ ಅದೇ ಇನ್ನೊಂದು ಜಗಳ.

ಆದರೆ ಕಲ್ಲು ಬಿದ್ದ ಮೇಲೆ ನಂಬರ್ ಹುಡುಕಿದರೆ ಆಗುವುದಿಲ್ಲ. ಪರಿಚಯ ಮೊದಲೇ ಇರಬೇಕು. ಮುಂಬಯಿ ಪಕ್ಕದ ಭಿವಂಡಿಯನ್ನು ನೋಡಿ. ಮಗ್ಗಗಳ ಊರು, 1984ರಲ್ಲಿ ಭೀಕರ ಕೋಮುಗಲಭೆ ಕಂಡದ್ದು. ಮುಂದೆ ಅಲ್ಲಿಗೆ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಎರಡೂ ಕಡೆಯವರು ಪೊಲೀಸರೊಂದಿಗೆ ಪದೇ ಪದೇ ಒಟ್ಟಿಗೆ ಕೂರುವ ಅಭ್ಯಾಸವಾಯಿತು. 1992ರ ಡಿಸೆಂಬರಿನಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು.

ಕೊನೆಯದಾಗಿ ಇನ್ನೊಮ್ಮೆ ಕೀನ್ಯಾಕ್ಕೆ ಹೋಗೋಣ, ಈ ಸಲ ಈಶಾನ್ಯದ ವಜೀರ್ ಎಂಬ ಒಣ ನಾಡಿಗೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಸೋಮಾಲಿ ಕುಲಗಳು ಒಂದನ್ನೊಂದು ಕೊಲ್ಲುತ್ತಿದ್ದವು. ದೇಖಾ ಇಬ್ರಾಹಿಂ ಅಬ್ದಿ ಮತ್ತು ಕೆಲವು ಹೆಂಗಸರು ಒಂದು ಮದುವೆ ಮನೆಯಲ್ಲಿ ಸೇರಿದಾಗ, ಏನಾದರೂ ಮಾಡಬೇಕು ಎಂದು ಮಾತಾಡಿಕೊಂಡರು. ಅವರು ಮೊದಲು ಕಣ್ಣಿಟ್ಟದ್ದು ಬಂದೂಕಿನ ಮೇಲಲ್ಲ, ಸಂತೆಯ ಮೇಲೆ. ಯಾವ ಕುಲದ ಹೆಂಗಸಾದರೂ ಅಲ್ಲಿ ಬಂದು ಕೊಳ್ಳಬೇಕು, ಮಾರಬೇಕು. ಯಾರಾದರೂ ತಡೆದರೆ ಆ ಹೊತ್ತಿಗೇ ಅಲ್ಲೇ ಬಗೆಹರಿಸಬೇಕು. ಅದಕ್ಕೆಂದೇ ಹೆಂಗಸರು ಸಂತೆಯಲ್ಲಿ ಕಾವಲು ಕೂತರು. ಆಮೇಲೆ ಹಿರಿಯರನ್ನು ಕೂರಿಸಿದರು, 1993ರಲ್ಲಿ ಕುಲಗಳ ಹಿರಿಯರು ಒಪ್ಪಂದ ಮಾಡಿಕೊಂಡರು. ಎಲ್ಲೇ ಜಗಳ ಎದ್ದರೂ ಕೂಡಲೇ ಧಾವಿಸುವ ತಂಡ ಹುಟ್ಟಿತು, 1995ರ ಹೊತ್ತಿಗೆ ಸರ್ಕಾರಿ ಅಧಿಕಾರಿಗಳೂ ಸೇರಿದ ಶಾಂತಿ ಸಮಿತಿಯಾಯಿತು. 2007ರಲ್ಲಿ ದೇಖಾ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡರು.

ಆ ಹೆಂಗಸರ ಜಾಣತನ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಪೊಲೀಸರ ದಾಖಲೆಗೆ ಏನಾದರೂ ಬರಬೇಕಾದರೆ ಅಪರಾಧ ಆಗಿರಬೇಕು. ಒಬ್ಬಳು ಇನ್ನೊಬ್ಬಳಿಗೆ ‘ನಿನಗೆ ಕೊಡುವುದಿಲ್ಲ, ಹೋಗು’ ಎಂದರೆ ಅದು ಅಪರಾಧವಲ್ಲ, ಎಲ್ಲೂ ದಾಖಲಾಗುವುದಿಲ್ಲ. ನಿನ್ನೆಯವರೆಗೆ ಬರುತ್ತಿದ್ದ ಗಿರಾಕಿ ಇವತ್ತು ಬಳಸುದಾರಿಯಲ್ಲಿ ಹೋಗುವುದು, ಒಟ್ಟಿಗೆ ಆಡುತ್ತಿದ್ದ ಮಕ್ಕಳು ಬೇರೆ ಬೇರೆ ಮೈದಾನ ಹಿಡಿಯುವುದು, ನಾವು ಹತ್ತಿರ ಬಂದ ಕೂಡಲೇ ಮಾತು ನಿಲ್ಲುವುದು. ನೋಟುಪುಸ್ತಕ ಇಡುವವರು ಇಂಥದ್ದಕ್ಕೂ ಒಂದೆರಡು ಪುಟ ಬಿಟ್ಟಿರಲಿ. ಬರೆದ ದಿನವೇ ಗೋಡೆಯಾಚೆಗೆ ಒಂದು ಫೋನು ಮಾಡಿ, ಮಾಡಿದ ಹೊತ್ತನ್ನೂ ಪಕ್ಕದಲ್ಲಿ ಬರೆಯಿರಿ.

ನಮಸ್ಕಾರ.