ಕ್ಲಿಪ್ ಬಿಚ್ಚಿದ ಮೇಲೆ ರಿಟೇನರ್ ಎಷ್ಟು ದಿನ?

[ದೃಶ್ಯ: ಮೇಜಿನ ಮೇಲೆ ಸ್ಟೀಲ್ ಬಟ್ಟಲು. ಅದರೊಳಗೆ ಸೊಟ್ಟಗಾದ ಪಾರದರ್ಶಕ ರಿಟೇನರ್. ಕ್ಯಾಮೆರಾ ಹತ್ತಿರ ಹೋಗುತ್ತದೆ.]

ನಮಸ್ಕಾರ. ಈ ಬಟ್ಟಲಿನಲ್ಲಿರುವುದು ನನ್ನ ಮೊದಲ ರಿಟೇನರ್, ಅಂದರೆ ಹಲ್ಲಿನ ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಹಳೆಯ ಜಾಗಕ್ಕೆ ಮರಳದಂತೆ ಹಾಕಿಕೊಳ್ಳುವ ಸಾಧನ. ಅದರ ಆಯಸ್ಸು ಹನ್ನೊಂದು ದಿನ. ಚೆನ್ನಾಗಿ ಶುದ್ಧವಾಗಲಿ ಎಂದು, ಕಾಫಿ ಡಿಕಾಕ್ಷನ್‌ಗೆ ಕಾಯಿಸಿದ್ದ ನೀರನ್ನೇ ಅದರ ಮೇಲೆ ಸುರಿದೆ. ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಕಣ್ಣೆದುರೇ ಸುರುಟಿಕೊಂಡಿತು. ಎರಡು ವರ್ಷ ಚಕ್ಕುಲಿ, ಕೋಡುಬಳೆ, ಕಬ್ಬು ಎಲ್ಲವನ್ನೂ ಬಿಟ್ಟು ನೇರ ಮಾಡಿಸಿಕೊಂಡ ಹಲ್ಲುಗಳನ್ನು ಕಾಯಬೇಕಿದ್ದ ವಸ್ತು ಅದು. ಬಿಸಿನೀರು ತಾಗಿಸಬಾರದು ಎಂದು ವೈದ್ಯರು ಹೇಳಿದ್ದರೋ ಇಲ್ಲವೋ ನೆನಪಿಲ್ಲ. ಕ್ಲಿಪ್ ಬಿಚ್ಚಿದ ದಿನ ಯಾರ ಕಿವಿಗೆ ಏನು ಬೀಳುತ್ತದೆ? ಕನ್ನಡಿ ಬಿಟ್ಟು ಕಣ್ಣು ಕದಲುವುದಿಲ್ಲ.

ಹಾಗಾಗಿ ಅಂದು ಕೇಳಿಸಿಕೊಳ್ಳದೆ ಹೋದ ಮಾತುಗಳನ್ನು ಇಂದು ನಿಧಾನವಾಗಿ ಕೇಳೋಣ.

[ದೃಶ್ಯ: ಅನಿಮೇಷನ್. ಮದುವೆ ಮನೆಯ ಚಪ್ಪರ, ಒಂದು ಕಂಬ, ಅದರಿಂದ ಅಕ್ಕಪಕ್ಕದ ಕಂಬಗಳಿಗೆ ಬಿಗಿದ ಹಗ್ಗಗಳು.]

ಗೋಡೆಗೆ ಮೊಳೆ ಹೊಡೆದಂತೆ ಹಲ್ಲು ದವಡೆಯಲ್ಲಿ ನಿಂತಿರುವುದಿಲ್ಲ. ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಸಂದು ಇದೆ, ಎರಡು ಹಾಳೆ ಕಾಗದದಷ್ಟು. ಆ ಸಂದಿನ ತುಂಬ ನಾರುಗಳು. ಕ್ಲಿಪ್ಪಿನ ತಂತಿ ಹಲ್ಲನ್ನು ಒಂದು ಬದಿಗೆ ಒತ್ತಿದಾಗ ಆ ಬದಿಯ ಮೂಳೆ ಕರಗಿ ದಾರಿ ಬಿಡುತ್ತದೆ, ಹಿಂದೆ ಖಾಲಿಯಾದ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಚಪ್ಪರದ ಕಂಬವನ್ನು ಒಂದಡಿ ಪಕ್ಕಕ್ಕೆ ಸರಿಸಿ ನೆಟ್ಟ ಹಾಗೆ. ಗುಂಡಿಯ ಮಣ್ಣು ಇನ್ನೂ ಸಡಿಲ. ಕ್ಲಿಪ್ ತೆಗೆದ ದಿನ ಮುಂದಿನ ಹಲ್ಲನ್ನು ಬೆರಳಿನಿಂದ ಅಲುಗಿಸಿ ನೋಡಿದವರಿಗೆ ಇದು ಗೊತ್ತು. ಲೇಸಾಗಿ ಆಡುತ್ತದೆ, ಎದೆ ಧಸಕ್ಕೆನ್ನುತ್ತದೆ.

ಬೇರಿನ ಸುತ್ತಲಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ನಿಜವಾದ ತಕರಾರು ಒಸಡಿನದು. ಒಸಡಿನ ಒಳಗಿನ ನಾರುಗಳು ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಬಿಗಿದ ಹಗ್ಗಗಳಿದ್ದಂತೆ. ನಾವು ಕಂಬ ಸರಿಸಿದೆವು, ಹಗ್ಗ ಬಿಚ್ಚಲಿಲ್ಲ. ಅವುಗಳಲ್ಲಿ ರಬ್ಬರಿನಂತೆ ಹಿಗ್ಗುವ ಜಾತಿಯ ನಾರುಗಳಂತೂ ಹಲ್ಲನ್ನು ಹಳೆಯ ಕಡೆಗೇ ಎಳೆಯುತ್ತ ಒಂದು ವರ್ಷದವರೆಗೂ ಇರಬಲ್ಲವು. ಹಲ್ಲಿಗೆ ನೆನಪಿದೆ ಎಂದು ಜನ ಹೇಳುತ್ತಾರಲ್ಲ, ಆ ನೆನಪು ಇರುವುದು ಒಸಡಿನಲ್ಲಿ. ತಿರುಚಿಕೊಂಡಿದ್ದ ಹಲ್ಲನ್ನು ತಿರುಗಿಸಿ ನೇರ ಮಾಡಿದ್ದರೆ ಈ ಎಳೆತ ಇನ್ನೂ ಜಾಸ್ತಿ.

[ದೃಶ್ಯ: ನಿರೂಪಕರು ಕ್ಯಾಮೆರಾ ನೋಡಿ ಮಾತನಾಡುತ್ತಾರೆ.]

ಹಾಗಾದರೆ ಒಂದು ವರ್ಷ ಹಾಕಿಕೊಂಡರೆ ಮುಗಿಯಿತೇ? ಇಲ್ಲ. ಕೆಳಗಿನ ಮುಂದಿನ ಹಲ್ಲುಗಳು ವಯಸ್ಸಾದಂತೆ ಒತ್ತೊತ್ತಾಗುತ್ತ ಹೋಗುತ್ತವೆ, ಜೀವಮಾನದಲ್ಲಿ ಕ್ಲಿಪ್ ಮುಟ್ಟದವರಿಗೂ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಜೊತೆಗಾರರು 1981ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಲ್ಲು ತೆಗೆಸಿ ಕ್ಲಿಪ್ ಹಾಕಿಸಿಕೊಂಡಿದ್ದ 65 ಜನರನ್ನು, ರಿಟೇನರ್ ನಿಲ್ಲಿಸಿ ಹತ್ತು ವರ್ಷ ಕಳೆದ ಮೇಲೆ ಪರೀಕ್ಷಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳಸಾಲು ಮತ್ತೆ ಕೆಟ್ಟಿತ್ತು. ಯಾರದು ಕೆಡುತ್ತದೆ, ಯಾರದು ಉಳಿಯುತ್ತದೆ ಎಂದು ಮೊದಲೇ ಹೇಳುವ ಉಪಾಯವೂ ಅವರಿಗೆ ಸಿಗಲಿಲ್ಲ. ಅದಕ್ಕೇ ಎಷ್ಟು ದಿನ ಎಂದು ಕೇಳಿದರೆ ಇಂದಿನ ವೈದ್ಯರಲ್ಲಿ ಬಹಳಷ್ಟು ಮಂದಿ ಕೊಡುವ ಉತ್ತರ: ಹಲ್ಲು ನೇರ ಇರಬೇಕು ಎನ್ನಿಸುವಷ್ಟು ದಿನ. ಮೊದಲ ಕೆಲವು ತಿಂಗಳು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಇಡೀ ದಿನ, ಆಮೇಲೆ ರಾತ್ರಿ ಮಾತ್ರ. ನಿಮ್ಮ ಲೆಕ್ಕವನ್ನು ನಿಮ್ಮ ಆರ್ಥೊಡಾಂಟಿಸ್ಟ್, ಅಂದರೆ ಹಲ್ಲು ನೇರ ಮಾಡುವ ವೈದ್ಯರು ಹೇಳಬೇಕು, ನಾನಲ್ಲ.

ಇಲ್ಲೊಂದು ಮಾತು. ಹಲ್ಲು ಮತ್ತೆ ಸೊಟ್ಟಗಾದರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಬುದ್ಧಿಹಲ್ಲು. ಹಿಂದಿನಿಂದ ತಳ್ಳಿತು ಎನ್ನುತ್ತಾರೆ. ಈ ಆರೋಪಕ್ಕೆ ಗಟ್ಟಿ ಸಾಕ್ಷ್ಯವಿಲ್ಲ. ಮುಂದಿನ ಸಾಲು ಒತ್ತಾಗದಿರಲಿ ಎಂಬ ಒಂದೇ ಕಾರಣಕ್ಕೆ ಬುದ್ಧಿಹಲ್ಲು ಕೀಳಿಸುವ ಅಗತ್ಯವಿಲ್ಲ.

[ದೃಶ್ಯ: ಮೂರು ಬಗೆಯ ರಿಟೇನರ್‌ಗಳು ಸಾಲಾಗಿ.]

ಮೊದಲನೆಯದು ಗುಲಾಬಿ ಬಣ್ಣದ ಪ್ಲೇಟು, ಮುಂದೆ ತಂತಿ. ಅಮೆರಿಕದ ಚಾರ್ಲ್ಸ್ ಹಾಲಿ ಎಂಬ ದಂತವೈದ್ಯರು ನೂರು ವರ್ಷಕ್ಕೂ ಹಿಂದೆ ರೂಪಿಸಿದ್ದು. ಬಾಳಿಕೆ ಚೆನ್ನಾಗಿದೆ, ತಂತಿ ಸಡಿಲವಾದರೆ ಬಿಗಿ ಮಾಡಬಹುದು. ಆದರೆ ಮೇಲಿನ ಪ್ಲೇಟು ಅಂಗುಳನ್ನು ಮುಚ್ಚುತ್ತದೆ. ಟ, ಡ, ಣ, ಳ ಇವೆಲ್ಲ ನಾಲಿಗೆ ಅಂಗುಳಿಗೆ ತಾಗಿ ಹುಟ್ಟುವ ಅಕ್ಷರಗಳು. ಇವನ್ನು ಬಿಟ್ಟು ಕನ್ನಡದಲ್ಲಿ ಅಂಗಡಿಗೆ ಹೋಗಿ ಬಾಳೆಹಣ್ಣು ಕೇಳುವುದೂ ಕಷ್ಟ. ದಿನಕ್ಕೆ ಹತ್ತು ನಿಮಿಷ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ನಾಲಿಗೆ ದಾರಿ ಕಂಡುಕೊಳ್ಳುತ್ತದೆ.

ಎರಡನೆಯದು ಪಾರದರ್ಶಕ, ನನ್ನ ಬಟ್ಟಲಿನಲ್ಲಿರುವ ಬಗೆ. ಹಾಕಿಕೊಂಡರೆ ಗೊತ್ತಾಗುವುದಿಲ್ಲ, ಬೇಗ ಸವೆಯುತ್ತದೆ, ಬಿರುಕು ಬಿಡುತ್ತದೆ.

[ದೃಶ್ಯ: ಹಲ್ಲಿನ ಅಚ್ಚು. ಕೆಳಸಾಲಿನ ಹಿಂಬದಿಯಲ್ಲಿ ಸಣ್ಣ ತಂತಿ.]

ಮೂರನೆಯದನ್ನು ತೆಗೆಯುವಂತಿಲ್ಲ. ಒಂದು ಕೋರೆಹಲ್ಲಿನಿಂದ ಇನ್ನೊಂದು ಕೋರೆಹಲ್ಲಿನವರೆಗೆ, ನಾಲಿಗೆಯ ಕಡೆಯಿಂದ ಅಂಟಿಸಿದ ತಂತಿ. ಮರೆಗುಳಿಗಳಿಗೆ ಒಳ್ಳೆಯದು ಎನ್ನುತ್ತಾರೆ, ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುವುದು ಅದರ ಬುಡದಲ್ಲೇ, ಹಾಗಾಗಿ ಹಲ್ಲಿನ ಪಾಚಿ ಗಾರೆಯಂತೆ ಗಟ್ಟಿಯಾಗುವುದೂ ಅಲ್ಲೇ ಹೆಚ್ಚು. ತಂತಿಯ ಕೆಳಗೆ ದಾರ ತೂರಿಸಿ, ಇಲ್ಲವೇ ಸಣ್ಣ ಸಂದು ಬ್ರಷ್ ಹಿಡಿದು ದಿನವೂ ಉಜ್ಜಬೇಕು. ಒಂದೇ ಹಲ್ಲಿನ ಮೇಲಿನ ಅಂಟು ಬಿಟ್ಟರೆ ತಂತಿ ಇದ್ದಲ್ಲೇ ಇರುತ್ತದೆ, ನೋವಿಲ್ಲ, ಸದ್ದಿಲ್ಲ. ಆ ಹಲ್ಲೊಂದು ಮಾತ್ರ ಮೆಲ್ಲಗೆ ಹೊರಟಿರುತ್ತದೆ. ವಾರಕ್ಕೊಮ್ಮೆ ನಾಲಿಗೆಯ ತುದಿಯಿಂದ ಒಂದೊಂದೇ ಅಂಟನ್ನು ತಡವಿ ನೋಡಿ.

[ದೃಶ್ಯ: ದರ್ಶಿನಿಯ ಮೇಜು. ಇಡ್ಲಿ ತಟ್ಟೆ, ಮುದುಡಿದ ಟಿಶ್ಯೂ ಕಾಗದ. ಒಬ್ಬರ ಕೈ ಬಂದು ತಟ್ಟೆ, ಟಿಶ್ಯೂ ಎರಡನ್ನೂ ಎತ್ತಿಕೊಂಡು ಹೋಗುತ್ತದೆ.]

ನನ್ನ ಎರಡನೆಯ ರಿಟೇನರ್ ಹೋದದ್ದು ಹೀಗೆ. ಕೈತೊಳೆದು ಬರುವಷ್ಟರಲ್ಲಿ ಮೇಜು ಒರೆಸಿಯಾಗಿತ್ತು. ತೆಗೆದರೆ ಡಬ್ಬಿಗೇ ಹಾಕಿ. ಟಿಶ್ಯೂ ಬೇಡ, ಅಂಗಿಯ ಜೇಬು ಬೇಡ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿರಲಿ, ಜೊಲ್ಲಿನ ವಾಸನೆಯ ಪ್ಲಾಸ್ಟಿಕ್ ಅದಕ್ಕೆ ಹಬ್ಬ. ತೊಳೆಯಲು ತಣ್ಣೀರು, ಮೆದು ಬ್ರಷ್ ಸಾಕು. ಪೇಸ್ಟ್ ಹಾಕಿ ಉಜ್ಜಿದರೆ ಪಾರದರ್ಶಕ ರಿಟೇನರ್ ಮೇಲೆ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಅದನ್ನು ಬಾಯಲ್ಲಿಟ್ಟುಕೊಂಡು ಕಾಫಿ ಕುಡಿದರೆ ಏನಾಗುತ್ತದೆ ಎಂಬುದಕ್ಕೆ ಬಟ್ಟಲು ತೋರಿಸಿದ್ದೇನೆ.

[ದೃಶ್ಯ: ಒಂದು ಡ್ರಾಯರ್ ತೆರೆಯುತ್ತದೆ. ಹಳೆಯ ಚಾರ್ಜರ್‌ಗಳ ನಡುವೆ ನೀಲಿ ಡಬ್ಬಿ.]

ಇಂಥದೊಂದು ಡಬ್ಬಿ ನಿಮ್ಮ ಮನೆಯಲ್ಲೂ ಇದ್ದೀತು. ತೊಳೆದು, ಬಿರುಕಿಲ್ಲವೆಂದು ಕಂಡ ಮೇಲೆ ಹಾಕಿ ನೋಡಿ. ಪೂರ್ತಿ ಕೂತು ಸ್ವಲ್ಪ ಬಿಗಿ ಎನಿಸಿದರೆ ಹಲ್ಲು ಹೊರಡಲು ಶುರುಮಾಡಿದೆ, ಇಂದು ರಾತ್ರಿಯಿಂದಲೇ ಹಾಕಿಕೊಳ್ಳಿ, ವೈದ್ಯರಿಗೊಂದು ಫೋನ್ ಮಾಡಿ. ಅರ್ಧಕ್ಕೇ ನಿಂತರೆ, ಇಲ್ಲವೇ ಜೋರಾಗಿ ನೋವಾದರೆ, ಕಚ್ಚಿ ಒತ್ತಿ ಕೂರಿಸಬೇಡಿ. ಹಾಗೇ ಡಬ್ಬಿಯಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ.